1975ರ 280ಝಡ್‌ಗೆ ಟರ್ಬೊ: ಹಳೆಯ ಎಲ್28 ಎಂಜಿನ್ ಒಡೆಯದೆ 250 ಎಚ್‌ಪಿ ತೆಗೆಯುವುದು

ಪ್ರಕರಣಕ್ಕೆ ತೆಗೆದುಕೊಂಡ ಗಾಡಿ 1975ರ ಡ್ಯಾಟ್ಸನ್ 280ಝಡ್. ಎರಡು ಸೀಟು, ನಾಲ್ಕು ಗೇರು, ಎಡಗಡೆ ಸ್ಟೀರಿಂಗ್. ಎಂಜಿನ್ ಎಲ್28ಇ: ಸಾಲಾಗಿ ನಿಂತ ಆರು ಸಿಲಿಂಡರ್, ಬೋರ್ 86 ಮಿ.ಮೀ., ಸ್ಟ್ರೋಕ್ 79 ಮಿ.ಮೀ., ಒಟ್ಟು 2753 ಸಿಸಿ. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಎರಡರ ಮೇಲೂ ಎನ್42 ಎಂಬ ಅಚ್ಚು. ಕಂಪ್ರೆಷನ್ (ಸಿಲಿಂಡರ್ ತನ್ನೊಳಗಿನ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಅನುಪಾತ) 8.3. ಇಂಧನ ಕೊಡುವುದು ಬಾಷ್ ಎಲ್-ಜೆಟ್ರಾನಿಕ್ ಇಂಜೆಕ್ಷನ್. ಹೊಸದಿದ್ದಾಗ ಶಕ್ತಿ 150 ಎಚ್‌ಪಿ ಆಸುಪಾಸು. ಬೇಡಿಕೆ ಇಷ್ಟು: ಟರ್ಬೊ (ಎಗ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪ್) ಕೂರಿಸಿ ಕ್ರ್ಯಾಂಕ್‌ನಲ್ಲಿ 250 ಎಚ್‌ಪಿ ಬೇಕು, ಬಂಕಿನ ಪೆಟ್ರೋಲ್‌ನಲ್ಲೇ ಓಡಬೇಕು, ಪಿಸ್ಟನ್ ಕ್ರ್ಯಾಂಕ್ ಬಿಚ್ಚಬಾರದು.

ಕೆಳಗೆ ಬರುವ ಶಕ್ತಿಯ ಅಂಕಿಗಳು ಕಾಗದದ ಮೇಲೆ ಹಾಕಿದ ಲೆಕ್ಕದವು, ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆದವಲ್ಲ. ಯಾವ ಅಂಕಿ ಎಲ್ಲಿಂದ ಬಂತು ಎಂದು ಜೊತೆಗೇ ಕೊಟ್ಟಿದೆ. ನಿಮ್ಮ ಎಂಜಿನ್ ಬೇರೆಯದಾದರೆ ಅಂಕಿ ಬದಲಿಸಿ ಅದೇ ಲೆಕ್ಕ ಹಾಕಿಕೊಳ್ಳಬಹುದು.

ಗಾಡಿ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಹೊಗೆ ಪರೀಕ್ಷೆ ಇಲ್ಲ, 1976ರ ಮಾಡೆಲ್‌ಗೆ ಇದೆ. ನೋಡಲು ಎರಡೂ ಒಂದೇ ತರಹದ ಗಾಡಿಗಳು. ಆದರೆ 1976ರದನ್ನು ಕೊಂಡು ಇದೇ ಕೆಲಸ ಮಾಡಿದವರು ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ ಹಳೆಯದನ್ನು ಜೋಡಿಸುವ ಪಾಡು ಪಡಬೇಕಾದೀತು. ಟರ್ಬೊ ಹುಡುಕುವ ಮೊದಲು ಬಾಗಿಲ ಪಕ್ಕದ ಪಟ್ಟಿಯ ಮೇಲಿನ ತಯಾರಿಕೆಯ ತಿಂಗಳು ನೋಡಿ. ಭಾರತದಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಗಾಡಿಯಲ್ಲಿ ಬದಲಾವಣೆ ಮಾಡುವುದರ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳುವುದು ಒಳ್ಳೆಯದು.

ನಿಸ್ಸಾನ್ ತಾನೇ ಏನು ಮಾಡಿತು

ಈ ಎಂಜಿನ್‌ಗೆ ಟರ್ಬೊ ಕೂರಿಸುವುದು ಹೊಸ ಸಾಹಸವೇನಲ್ಲ. 1981ರಲ್ಲಿ ನಿಸ್ಸಾನ್ ಕಂಪನಿಯೇ 280ಝಡ್ಎಕ್ಸ್ ಟರ್ಬೊದಲ್ಲಿ ಎಲ್28ಇಟಿ (ಮುಂದೆ ಬರೀ ಇಟಿ) ಎಂಬ ಎಂಜಿನ್ ಕೊಟ್ಟಿತು: 180 ಎಚ್‌ಪಿ, ಗ್ಯಾರೆಟ್ ಟಿ3 ಟರ್ಬೊ, ಸುಮಾರು 0.5 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ), ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ. ಆ ಎಂಜಿನ್‌ನಲ್ಲಿ ಕಂಪನಿ ಏನನ್ನು ಬದಲಿಸಿತು, ಏನನ್ನು ಮುಟ್ಟಲಿಲ್ಲ ಎಂದು ನೋಡಿದರೆ ಅರ್ಧ ಕೆಲಸ ತಿಳಿದ ಹಾಗೆ.

ಮುಟ್ಟದೆ ಬಿಟ್ಟದ್ದು ಕೆಳಭಾಗ. ಕ್ರ್ಯಾಂಕ್ ಮೊದಲಿಂದಲೂ ಫೋರ್ಜ್ ಮಾಡಿದ್ದು, ಏಳು ಮೇನ್ ಬೇರಿಂಗ್‌ಗಳ ಮೇಲೆ ಕೂತದ್ದು. ಪಿಸ್ಟನ್ ತಟ್ಟೆಯಂತೆ ತಗ್ಗಿರುವ ಎರಕದ ಪಿಸ್ಟನ್ನೇ. ಬದಲಿಸಿದ್ದು ಮುಖ್ಯವಾಗಿ ಹೆಡ್ ಮತ್ತು ಎಂಜಿನ್ನಿನ ತಲೆಬುದ್ಧಿ. ಪಿ90 ಹೆಡ್‌ನ ದಹನ ಕೋಣೆ 53.6 ಸಿಸಿ; ನಮ್ಮ ಎನ್42 ಹೆಡ್‌ನದು 44.6 ಸಿಸಿ. ಲೆಕ್ಕ ಹಾಕಿ ನೋಡಿ: ಒಂದು ಸಿಲಿಂಡರ್ 458.9 ಸಿಸಿ. 8.3 ಕಂಪ್ರೆಷನ್‌ಗೆ ಮೇಲೆ ಉಳಿಯುವ ಜಾಗ 458.9 ÷ 7.3 = 62.9 ಸಿಸಿ. ಇಟಿಯ 7.4 ಕಂಪ್ರೆಷನ್‌ಗೆ 458.9 ÷ 6.4 = 71.7 ಸಿಸಿ. ವ್ಯತ್ಯಾಸ 8.8 ಸಿಸಿ, ಎರಡು ಹೆಡ್‌ಗಳ ನಡುವಿನ ವ್ಯತ್ಯಾಸ 9 ಸಿಸಿ. ಅಂದರೆ ಕಂಪ್ರೆಷನ್ ಇಳಿಸಿದ್ದು ಹೆಡ್ ಒಂದರಿಂದಲೇ. ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸಿ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ; ಅದನ್ನು ಕೇಳಬೇಡಿ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಪಿಸ್ಟನ್ ಅಂಚು ಹೆಡ್‌ನಿಂದ ದೂರವಾಗಿ ಮಿಶ್ರಣವನ್ನು ಕಲಕುವ ಗಾಳಿಯ ಹಿಂಡಿಕೆ ಕಡಿಮೆಯಾಗುತ್ತದೆ; ಕಂಪ್ರೆಷನ್ ಇಳಿದರೂ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನಿಗೆ ಪೆಟ್ಟು ಕೊಡುವುದು) ಅಷ್ಟಾಗಿ ಇಳಿಯುವುದಿಲ್ಲ.

ಎರಡನೆಯದು, ಮುಖ್ಯವಾದದ್ದು: ಇಟಿಯಲ್ಲಿ ಇಂಧನ ಮತ್ತು ಸ್ಪಾರ್ಕ್ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು, ನಾಕ್ ಸೆನ್ಸರ್ ಇತ್ತು, ಬೂಸ್ಟ್ ಮಿತಿಮೀರಿದರೆ ಗಾಳಿ ಹೊರಬಿಡುವ ವಾಲ್ವ್ ಇನ್‌ಟೇಕ್ ಮೇಲೆ ಇತ್ತು. 0.5 ಬಾರ್‌ಗೇ ಕಂಪನಿ ಇಷ್ಟು ಕಾವಲು ಹಾಕಿತು. 1975ರ ಗಾಡಿಯಲ್ಲಿ ಇದರಲ್ಲಿ ಒಂದೂ ಇಲ್ಲ: ಸ್ಪಾರ್ಕ್‌ನ ಸಮಯವನ್ನು ಮುಖ್ಯವಾಗಿ ನಿರ್ಧರಿಸುವುದು ಡಿಸ್ಟ್ರಿಬ್ಯೂಟರ್‌ನೊಳಗಿನ ಎರಡು ತೂಕ, ಎರಡು ಸ್ಪ್ರಿಂಗ್. ಅವಕ್ಕೆ ಆರ್‌ಪಿಎಂ ಗೊತ್ತು, ಬೂಸ್ಟ್ ಗೊತ್ತಿಲ್ಲ.

ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಟಿ3, ಇಟಿಯ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ತರುವ ಅಥವಾ ಹೊಗೆ ಒಯ್ಯುವ ಕವಲು ಕೊಳವೆ), ಬೂಸ್ಟ್ ಏರಿದಂತೆ ಪೆಟ್ರೋಲ್ ಒತ್ತಡ ಏರಿಸುವ ರೆಗ್ಯುಲೇಟರ್ ಒಂದು. ಶನಿವಾರ ಶುರು, ಭಾನುವಾರ ಸಂಜೆಗೆ ಗಾಡಿ ರಸ್ತೆಗೆ. ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಬೇಸಿಗೆಯ ಒಂದು ಮಧ್ಯಾಹ್ನ, ಏರುರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ, 5ನೇ ಪಿಸ್ಟನ್ ಹೋಗುತ್ತದೆ.

ಗಾಳಿಯ ಲೆಕ್ಕ

ಒಂದು ಎಚ್‌ಪಿಗೆ ಗಂಟೆಗೆ 0.25 ಕೆ.ಜಿ. ಪೆಟ್ರೋಲ್ ಎಂದು ಇಟ್ಟುಕೊಳ್ಳಿ. ಟರ್ಬೊ ಎಂಜಿನ್‌ಗೆ ಇದು ಜಾಗ್ರತೆಯ ಅಂಕಿ. 250 ಎಚ್‌ಪಿಗೆ ಗಂಟೆಗೆ 62.5 ಕೆ.ಜಿ. ಬೂಸ್ಟ್‌ನಲ್ಲಿ ಒಂದು ಪಾಲು ಪೆಟ್ರೋಲ್‌ಗೆ 11.8 ಪಾಲು ಗಾಳಿ ಎಂದರೆ ನಿಮಿಷಕ್ಕೆ ಸುಮಾರು 12.3 ಕೆ.ಜಿ. ಗಾಳಿ ಬೇಕು.

ಎಂಜಿನ್ ಎಷ್ಟು ಎಳೆಯುತ್ತದೆ? 5500 ಆರ್‌ಪಿಎಂನಲ್ಲಿ, ಸಿಲಿಂಡರ್ ಶೇ 80 ತುಂಬುತ್ತದೆ ಎಂದರೆ, ನಿಮಿಷಕ್ಕೆ 2.753 × 2750 × 0.8 = 6057 ಲೀಟರ್. ಮ್ಯಾನಿಫೋಲ್ಡ್‌ನಲ್ಲಿ 0.8 ಬಾರ್ ಬೂಸ್ಟ್, ಅಂದರೆ ಹೊರಗಿನ ಒತ್ತಡದ 1.8 ಪಟ್ಟು, ಗಾಳಿ 45 ಡಿಗ್ರಿ ಸೆಲ್ಸಿಯಸ್ ಇದ್ದರೆ ಘನ ಮೀಟರಿಗೆ 2 ಕೆ.ಜಿ. ಹತ್ತಿರ, ನಿಮಿಷಕ್ಕೆ 12.1 ಕೆ.ಜಿ. ಗುರಿ ಮುಟ್ಟಿತು.

45 ಡಿಗ್ರಿ ಎಂದದ್ದು ಇಂಟರ್‌ಕೂಲರ್ ಇದೆ ಎಂಬ ನಂಬಿಕೆಯ ಮೇಲೆ. 30 ಡಿಗ್ರಿಯ ಗಾಳಿಯನ್ನು ಶೇ 70 ದಕ್ಷತೆಯ ಕಂಪ್ರೆಸರ್ 1.8 ಪಟ್ಟು ಒತ್ತಿದರೆ ಹೊರಬರುವಾಗ 109 ಡಿಗ್ರಿ. ಆ ಗಾಳಿ ನೇರವಾಗಿ ಎಂಜಿನ್‌ಗೆ ಹೋದರೆ ಸಾಂದ್ರತೆ 1.66ಕ್ಕೆ ಇಳಿಯುತ್ತದೆ, ಇಂಟರ್‌ಕೂಲರ್ ಇರುವ 0.5 ಬಾರ್‌ನಷ್ಟೇ. ಅಂದರೆ ಇಂಟರ್‌ಕೂಲರ್ ಇಲ್ಲದ 0.8 ಬಾರ್‌ನಲ್ಲಿ ಸಿಗುವುದು 0.5 ಬಾರ್‌ನ ಶಕ್ತಿ, ಜೊತೆಗೆ ಪಿಸ್ಟನ್ ಒಡೆಯುವ ಬಿಸಿ. ಈ ಗಾಡಿಗೆ ಇಂಟರ್‌ಕೂಲರ್ ಬೇಕೋ ಬೇಡವೋ ಎಂಬ ಚರ್ಚೆ ಅಲ್ಲಿಗೆ ಮುಗಿಯಿತು.

ಕಂಪ್ರೆಸರ್ (ಟರ್ಬೊದ ಗಾಳಿ ಒತ್ತುವ ಭಾಗ) ಆರಿಸುವಾಗ ಅದರ ಮ್ಯಾಪ್, ಅಂದರೆ ದಕ್ಷತೆಯ ನಕ್ಷೆ, ಮುಂದಿಟ್ಟುಕೊಂಡು ನಿಮಿಷಕ್ಕೆ 12 ಕೆ.ಜಿ., ಒತ್ತಡದ ಅನುಪಾತ 1.9 (ಏರ್ ಫಿಲ್ಟರ್, ಇಂಟರ್‌ಕೂಲರ್ ನಷ್ಟ ಸೇರಿಸಿ) ಎಲ್ಲಿ ಬೀಳುತ್ತದೆ ನೋಡಿ. ನಡುವಿನ ದಕ್ಷತೆಯ ವಲಯದಲ್ಲಿ ಇರಬೇಕು. ಎಲ್28ಗೆ ಬಹುಕಾಲದಿಂದ ನಡೆದುಬಂದಿರುವ ಜೋಡಿ ಟಿ3 ಟರ್ಬೈನ್ 0.63 ಎ/ಆರ್, ಟಿಒ4ಇ 50 ಟ್ರಿಮ್ ಕಂಪ್ರೆಸರ್ (ಎ/ಆರ್, ಟ್ರಿಮ್ ಎರಡೂ ಗಾತ್ರದ ಅಳತೆಗಳು). ಇದಕ್ಕಿಂತ ದೊಡ್ಡದು ಹಾಕಿದರೆ 280ಝಡ್ ಊರೊಳಗೆ ಹಳೆಯ 280ಝಡ್‌ಗಿಂತ ಮಂಕಾಗಿ ಓಡುತ್ತದೆ.

ಇಂಜೆಕ್ಟರ್: 62.5 ಕೆ.ಜಿ. ಅಂದರೆ ಗಂಟೆಗೆ 84 ಲೀಟರ್, ಒಂದು ಇಂಜೆಕ್ಟರ್‌ಗೆ ನಿಮಿಷಕ್ಕೆ 233 ಸಿಸಿ. ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಹಾಗಾಗಿ ಕನಿಷ್ಠ 292 ಸಿಸಿ. 280ಝಡ್‌ನ ಮೂಲ ಇಂಜೆಕ್ಟರ್ 188 ಸಿಸಿಯದು, 160 ಎಚ್‌ಪಿಗೆ ಮುಗಿಯಿತು. ಇಟಿಯ 265 ಸಿಸಿಯದು 225ರವರೆಗೆ. 350ರಿಂದ 370 ಸಿಸಿಯವು ಸರಿ. ಹಳೆಯವು ಕಡಿಮೆ ಓಮ್‌ನವು, ರೆಸಿಸ್ಟರ್ ಜೊತೆ ಕೆಲಸ ಮಾಡುತ್ತಿದ್ದವು. ಹೊಸ ಹೆಚ್ಚು ಓಮ್‌ನ ಇಂಜೆಕ್ಟರ್ ಹಾಕಿದರೆ ಆ ರೆಸಿಸ್ಟರ್ ಪೆಟ್ಟಿಗೆಯನ್ನು ಸರ್ಕ್ಯೂಟ್‌ನಿಂದ ತೆಗೆಯಬೇಕು. ಮರೆತರೆ ಇಂಜೆಕ್ಟರ್ ತಡವಾಗಿ ತೆರೆದು ಐಡಲ್‌ನಲ್ಲೇ ಎಂಜಿನ್ ಮುಗ್ಗರಿಸುತ್ತದೆ, ಕಾರಣ ಹುಡುಕುತ್ತಾ ಎರಡು ದಿನ ಹೋಗುತ್ತದೆ.

ಮೊದಲು ಇಸಿಯು, ಆಮೇಲೆ ಟರ್ಬೊ

ಕೆಲಸದ ಕ್ರಮ ತಲೆಕೆಳಗು ಅನ್ನಿಸಬಹುದು: ಟರ್ಬೊ ಮುಟ್ಟುವ ಮೊದಲು ಹೊಸ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಹೊಸ ಇಂಜೆಕ್ಟರ್, ಹೊಸ ಇಗ್ನಿಷನ್ ಹಾಕಿ, ಟರ್ಬೊ ಇಲ್ಲದೆಯೇ ಗಾಡಿಯನ್ನು 500 ಕಿ.ಮೀ. ಓಡಿಸುವುದು. ವೈರಿಂಗ್ ತಪ್ಪು, ಸೆನ್ಸರ್ ತಪ್ಪು, ಸಡಿಲ ಅರ್ಥ್, ತಪ್ಪು ಟೈಮಿಂಗ್ ಎಲ್ಲ ಆಗಲೇ ಹೊರಬರುತ್ತವೆ. ಬೂಸ್ಟ್ ಇಲ್ಲದಾಗ ಇವು ಕೆಮ್ಮು, ಸೀನು. ಬೂಸ್ಟ್ ಇದ್ದಾಗ ಪಿಸ್ಟನ್.

ಅದಕ್ಕೂ ಮೊದಲು ಎಂಜಿನ್‌ನ ಆರೋಗ್ಯ ನೋಡಬೇಕು. ಬಿಸಿ ಎಂಜಿನ್‌ನಲ್ಲಿ ಥ್ರಾಟಲ್ ಪೂರ್ತಿ ತೆರೆದು ಆರೂ ಸಿಲಿಂಡರ್‌ನ ಕಂಪ್ರೆಷನ್ ಅಳೆಯಿರಿ. ಆರರ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇದ್ದರೆ ಮುಂದೆ ಹೋಗಬೇಡಿ. ಲೀಕ್‌ಡೌನ್ ಪರೀಕ್ಷೆಯಲ್ಲೂ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವುದು) ಶೇ 10ರ ಒಳಗಿರಲಿ. ವಾಲ್ವ್ ಸಂದು ಬಿಸಿಯಲ್ಲಿ ಇನ್‌ಟೇಕ್ 0.25 ಮಿ.ಮೀ., ಎಗ್ಸಾಸ್ಟ್ 0.30 ಮಿ.ಮೀ. ಹೆಡ್ ಬಿಚ್ಚುವ ಅಗತ್ಯ ಬಂದರೆ ಬೋಲ್ಟ್‌ಗಳನ್ನು ನಡುವಿನಿಂದ ಅಂಚಿಗೆ ಮೂರು ಸುತ್ತಿನಲ್ಲಿ ಬಿಗಿಯಿರಿ: 40, 58, ಕೊನೆಗೆ 80 ನ್ಯೂಟನ್ ಮೀಟರ್. ಹಳೆಯ ಬೋಲ್ಟ್ ಮತ್ತೆ ಹಾಕಬೇಡಿ.

ಇಸಿಯು ಆಗಿ ಮೆಗಾಸ್ಕ್ವರ್ಟ್‌ನಂಥದು ಸಾಕು. ಬೇಕಾದ್ದು ಮೂರು: ಮ್ಯಾನಿಫೋಲ್ಡ್ ಒತ್ತಡ ನೋಡಿ ಇಂಧನ ಕೊಡುವುದು, ಅದೇ ಒತ್ತಡ ನೋಡಿ ಸ್ಪಾರ್ಕ್ ಹಿಂದಕ್ಕೆ ತಳ್ಳುವುದು, ಮಿತಿ ಮೀರಿದರೆ ಕತ್ತರಿಸುವುದು. 250 ಕಿಲೊಪಾಸ್ಕಲ್‌ವರೆಗೆ ಓದುವ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್) ಬೇಕು, 0.8 ಬಾರ್ ಬೂಸ್ಟ್ ಅಂದರೆ ಸುಮಾರು 182 ಕಿಲೊಪಾಸ್ಕಲ್.

ಹಳೆಯ ಗಾಳಿ ಅಳೆಯುವ ಫ್ಲಾಪ್ ಪೆಟ್ಟಿಗೆ ತೆಗೆಯುವಾಗ ಒಂದು ಎಚ್ಚರ. ಪೆಟ್ರೋಲ್ ಪಂಪ್‌ಗೆ ಕರೆಂಟ್ ಕೊಡುವ ಸುರಕ್ಷತಾ ಸ್ವಿಚ್ ಅದರೊಳಗೇ ಇದೆ: ಗಾಳಿ ಹರಿದರೆ ಫ್ಲಾಪ್ ತೆರೆದು ಪಂಪ್ ಓಡುತ್ತದೆ, ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ. ಪೆಟ್ಟಿಗೆ ಕಿತ್ತವರು ಪಂಪ್ ಓಡದಿದ್ದಾಗ ಆ ಎರಡು ವೈರ್ ಸೇರಿಸಿ ಸುಮ್ಮನಾಗುತ್ತಾರೆ. ಹಾಗೆ ಮಾಡಿದ ಗಾಡಿ ಗುದ್ದಿಕೊಂಡು ಎಂಜಿನ್ ನಿಂತರೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ರಿಲೇಯನ್ನು ಇಸಿಯು ಕೈಗೆ ಕೊಡಿ, ಆರ್‌ಪಿಎಂ ಸಿಗ್ನಲ್ ನಿಂತ ಎರಡು ಸೆಕೆಂಡಿಗೆ ಪಂಪ್ ನಿಲ್ಲಲಿ. ಬ್ಯಾಟರಿಯಿಂದ ಪಂಪ್‌ವರೆಗೆ 4 ಚದರ ಮಿ.ಮೀ. ವೈರ್, 20 ಆಂಪ್ ಫ್ಯೂಸ್. ಐವತ್ತು ವರ್ಷ ಹಳೆಯ ವೈರ್‌ನಲ್ಲಿ ಪಂಪ್‌ಗೆ 11 ವೋಲ್ಟ್ ಮುಟ್ಟಿದರೆ ಬೂಸ್ಟ್‌ನಲ್ಲಿ ಪೆಟ್ರೋಲ್ ಒತ್ತಡ ಸೊರಗುತ್ತದೆ. ರೈಲ್, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ; ಅದರ ಒತ್ತಡ 3 ಬಾರ್ ಇಟ್ಟರೆ ಬೂಸ್ಟ್‌ನಲ್ಲಿ 3.8 ಬಾರ್ ಆಗಬೇಕು. ಆ ಒತ್ತಡದಲ್ಲಿ ಗಂಟೆಗೆ 110 ಲೀಟರ್ ಕೊಡುವ ಪಂಪ್ ಇರಲಿ. ಗಂಟೆಗೆ 255 ಲೀಟರಿನ ವಾಲ್‌ಬ್ರೊ ಇದ್ದರೆ ಚಿಂತೆ ಇಲ್ಲ.

ಕ್ರ್ಯಾಂಕ್ ಎಲ್ಲಿದೆ ಎಂದು ಇಸಿಯುಗೆ ತಿಳಿಸುವ ಟ್ರಿಗರ್‌ಗೆ ಕ್ರ್ಯಾಂಕ್ ಪುಲ್ಲಿ ಮೇಲೆ 36 ಹಲ್ಲಿನ, ಒಂದು ಹಲ್ಲು ಕಡಿಮೆ ಇರುವ ಚಕ್ರ. ಈ ಕೆಲಸದ ಅತಿ ದುಬಾರಿ ತಪ್ಪು ಆಗುವುದು ಇಲ್ಲಿ. ಎಲ್28 ಪುಲ್ಲಿ ಎರಡು ತುಂಡಿನದು: ನಡುವೆ ಹಬ್, ಹೊರಗೆ ಉಂಗುರ, ಎರಡರ ನಡುವೆ ರಬ್ಬರ್. ರಬ್ಬರ್ ವರ್ಷಗಳಲ್ಲಿ ಗಟ್ಟಿಯಾಗಿ, ಸೀಳಿ, ಹೊರ ಉಂಗುರ ಹಬ್ ಮೇಲೆ ಮೆಲ್ಲಗೆ ಜಾರುತ್ತದೆ. ಟೈಮಿಂಗ್ ಗುರುತು ಇರುವುದು ಆ ಹೊರ ಉಂಗುರದ ಮೇಲೆ. ಟೈಮಿಂಗ್ ಲೈಟ್ ಹಿಡಿದರೆ 10 ಡಿಗ್ರಿ ಕಾಣುತ್ತದೆ, ನಿಜದಲ್ಲಿ 18 ಇರುತ್ತದೆ. ಹೀಗಾಗಿ 1ನೇ ಸಿಲಿಂಡರ್‌ನ ಪ್ಲಗ್ ರಂಧ್ರದಲ್ಲಿ ಪಿಸ್ಟನ್ ಸ್ಟಾಪ್ ತಿರುಗಿಸಿ ಕ್ರ್ಯಾಂಕ್ ಅನ್ನು ಎರಡೂ ದಿಕ್ಕಿಗೆ ಕೈಯಿಂದ ತಿರುಗಿಸಿ, ಎರಡು ನಿಲುಗಡೆಗಳ ನಡುಬಿಂದುವನ್ನು ನಿಜವಾದ ಟಿಡಿಸಿ (ಪಿಸ್ಟನ್ ಅತಿ ಮೇಲಿರುವ ಬಿಂದು) ಎಂದು ಬಿಳಿ ಬಣ್ಣದಲ್ಲಿ ಗುರುತು ಹಾಕಿ. ಪುಲ್ಲಿಯ ರಬ್ಬರ್ ಬೆರಳಿಗೆ ಪುಡಿ ಪುಡಿಯಾಗಿ ಬಂದರೆ ಪುಲ್ಲಿ ಬದಲಿಸಿ. ಟ್ರಿಗರ್ ಚಕ್ರವನ್ನು ಹಬ್‌ಗೆ ಬೋಲ್ಟ್ ಮಾಡಿ, ಹೊರ ಉಂಗುರಕ್ಕೆ ಅಲ್ಲ.

ಫೈರಿಂಗ್ ಕ್ರಮ 1-5-3-6-2-4. ಡಿಸ್ಟ್ರಿಬ್ಯೂಟರ್ ಬಿಟ್ಟು ಮೂರು ಜೋಡಿ ಕಾಯಿಲ್ ಹಾಕುವುದಾದರೆ ಜೋಡಿಗಳು 1-6, 5-2, 3-4. ಪ್ಲಗ್ ಒಂದು ಹೆಜ್ಜೆ ತಣ್ಣನೆಯದು, ಎನ್‌ಜಿಕೆ ಬಿಪಿಆರ್7ಇಎಸ್, ಸಂದು 0.7 ಮಿ.ಮೀ. ಸಂದು ಇದಕ್ಕಿಂತ ಹೆಚ್ಚು ಬಿಟ್ಟರೆ ಬೂಸ್ಟ್‌ನ ದಟ್ಟ ಗಾಳಿಯಲ್ಲಿ ಕಿಡಿ ತಪ್ಪಬಹುದು.

ಜೋಡಣೆ

ಎಲ್28ನಲ್ಲಿ ಇನ್‌ಟೇಕ್, ಎಗ್ಸಾಸ್ಟ್ ಎರಡೂ ಎಡಗಡೆಯೇ, ಒಂದರ ಕೆಳಗೆ ಒಂದು. ಟರ್ಬೊ ಕೂರುವುದು ಇನ್‌ಟೇಕ್‌ನ ಕೆಳಗೆ, ಬ್ರೇಕ್ ಮಾಸ್ಟರ್ ಸಿಲಿಂಡರ್‌ಗೂ ಸ್ಟೀರಿಂಗ್ ಶಾಫ್ಟ್‌ಗೂ ಹತ್ತಿರ. ಡೌನ್‌ಪೈಪ್ (ಟರ್ಬೊದಿಂದ ಕೆಳಗಿಳಿಯುವ ಹೊಗೆ ಕೊಳವೆ) ಬೆಸೆಸುವ ಮೊದಲು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಎಂಜಿನ್ ಅಲುಗಾಡುವ ಜಾಗವನ್ನೂ ಸೇರಿಸಿ ಸಂದು ನೋಡಿ. ಬ್ರೇಕ್ ಪೈಪ್‌ಗೂ ಪೆಟ್ರೋಲ್ ರೈಲ್‌ಗೂ ಟರ್ಬೊಗೂ ನಡುವೆ ತಗಡಿನ ಮರೆ ಬೇಕೇ ಬೇಕು. 280ಝಡ್ ಟರ್ಬೊ ಇಲ್ಲದೆಯೂ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ರೈಲಿನೊಳಗೆ ಪೆಟ್ರೋಲ್ ಆವಿಯಾಗಿ ಸತಾಯಿಸುವ ಗಾಡಿ.

ಮ್ಯಾನಿಫೋಲ್ಡ್‌ಗೆ ಇಟಿಯ ಎರಕದ್ದೇ ಒಳ್ಳೆಯದು. ಎನ್42 ಹೆಡ್‌ನ ಎಗ್ಸಾಸ್ಟ್ ಬಾಯಿ ಚೌಕ, ಇಟಿಯದೂ ಚೌಕ, ಸರಿಯಾಗಿ ಕೂರುತ್ತದೆ. ಕೊಳವೆ ಬೆಸೆದು ಮಾಡಿದ ಅಂದದ ಮ್ಯಾನಿಫೋಲ್ಡ್ ಟರ್ಬೊ ಭಾರಕ್ಕೆ ಬಿರುಕು ಬಿಡುತ್ತದೆ. ಇನ್ನೊಂದು ವಿಷಯ ಈ ಎಂಜಿನ್‌ಗೇ ವಿಶಿಷ್ಟ: ಇನ್‌ಟೇಕ್ ಫ್ಲ್ಯಾಂಜ್ ಮತ್ತು ಎಗ್ಸಾಸ್ಟ್ ಫ್ಲ್ಯಾಂಜ್ ಎರಡನ್ನೂ ಒಂದೇ ನಟ್, ಒಂದೇ ದಪ್ಪ ವಾಷರ್ ಅಡಿಯಲ್ಲಿ ಅದುಮಿ ಹಿಡಿಯುತ್ತದೆ. ಎರಡು ಫ್ಲ್ಯಾಂಜ್‌ಗಳ ದಪ್ಪ ಸಮ ಇರಬೇಕು. ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ವಾಷರ್ ದಪ್ಪದ ಕಡೆ ಮಾತ್ರ ಕೂತು ತೆಳ್ಳಗಿನದು ಗಾಳಿ ಬಿಡುತ್ತದೆ. ವರ್ನಿಯರ್‌ನಿಂದ ಅಳೆದು ದಪ್ಪದ್ದನ್ನು ಮಿಲ್ಲಿಂಗ್ ಮಾಡಿಸಿ. ಹಿಂದಿನ ತುದಿಯ ಸ್ಟಡ್ ಮೊದಲೇ ಮುರಿದಿರುವುದು ಮಾಮೂಲು. ಮುರಿದ ಸ್ಟಡ್ ತೆಗೆಯುವ ಕೆಲಸ ಹೆಡ್ ಗಾಡಿ ಮೇಲಿದ್ದಾಗ ಬೇಡ ಅನ್ನಿಸುವಷ್ಟು ಕಷ್ಟ, ಆದರೂ ಬಿಟ್ಟು ಮುಂದೆ ಹೋಗಬೇಡಿ.

ಎಣ್ಣೆ: ಒತ್ತಡದ ಸೆಂಡರ್ ಇರುವುದು ಬ್ಲಾಕ್‌ನ ಬಲಗಡೆ. ಅಲ್ಲಿ ಟಿ ಆಕಾರದ ಕವಲು ತುಂಡು (ಟೀ) ಹಾಕಿ, ಒಳವ್ಯಾಸ 5-6 ಮಿ.ಮೀ.ನ ಸ್ಟೀಲ್ ಹೆಣಿಗೆಯ ಹೋಸ್ ಅನ್ನು ಎಂಜಿನ್ ಮುಂಭಾಗ ಸುತ್ತಿಸಿ ಟರ್ಬೊಗೆ ತನ್ನಿ. ಮರಳುವ ದಾರಿ ದಪ್ಪ ಇರಬೇಕು, ಕನಿಷ್ಠ 16 ಮಿ.ಮೀ. ಒಳವ್ಯಾಸ, ಕೆಳಮುಖವಾಗಿ, ಎಲ್ಲೂ ತಗ್ಗಿ ಮೇಲೇಳದೆ, ಆಯಿಲ್ ಪ್ಯಾನ್‌ನ ಎಣ್ಣೆ ಮಟ್ಟಕ್ಕಿಂತ ಮೇಲೆ ಬೀಳಬೇಕು. ಟರ್ಬೊದಿಂದ ಹೊರಬರುವ ಎಣ್ಣೆ ನೊರೆಯಾಗಿರುತ್ತದೆ, ಅದಕ್ಕೆ ಒತ್ತಡ ಇಲ್ಲ, ಬರೀ ತನ್ನ ಭಾರಕ್ಕೆ ಇಳಿಯಬೇಕು. ತೆಳ್ಳಗಿನ ಹೋಸ್ ಹಾಕಿದರೆ ಟರ್ಬೊ ಸೀಲ್ ದಾಟಿ ಎಗ್ಸಾಸ್ಟ್‌ನಲ್ಲಿ ನೀಲಿ ಹೊಗೆ ಬರುತ್ತದೆ. ಆಗ ಟರ್ಬೊ ಕೆಟ್ಟಿದೆ ಎಂದು ಹೊಸ ಟರ್ಬೊ ತರುತ್ತಾರೆ, ಅದೂ ಹೊಗೆ ಬಿಡುತ್ತದೆ.

ಪಿಸಿವಿ (ಕ್ರ್ಯಾಂಕ್‌ಕೇಸ್ ಆವಿಯನ್ನು ಎಂಜಿನ್ನಿಗೇ ಎಳೆದುಕೊಳ್ಳುವ) ವಾಲ್ವ್ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿದೆ. ಬೂಸ್ಟ್ ಬಂದಾಗ ಅದರ ಮೂಲಕ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ನುಗ್ಗದಂತೆ ಹೋಸ್‌ನಲ್ಲಿ ಒಂದು ಚೆಕ್ ವಾಲ್ವ್, ಮೇಲಿನ ಕವರ್‌ನ ಉಸಿರುಗೊಳವೆ ಕಂಪ್ರೆಸರ್ ಮುಂದಿನ ಪೈಪ್‌ಗೆ. ಬ್ರೇಕ್ ಬೂಸ್ಟರ್‌ನ ಚೆಕ್ ವಾಲ್ವ್ ಕೂಡ ಹೊಸದು ಹಾಕಿ. ಮ್ಯಾಪ್ ಸೆನ್ಸರ್, ಪೆಟ್ರೋಲ್ ರೆಗ್ಯುಲೇಟರ್ ಎರಡಕ್ಕೂ ಮ್ಯಾನಿಫೋಲ್ಡ್‌ನಿಂದ ಪ್ರತ್ಯೇಕ ಹೋಸ್. ಒಂದೇ ಹೋಸ್‌ಗೆ ಮೂರು ಟೀ ಹಾಕಿ ಒಂದು ಕಳಚಿದರೆ ಎಲ್ಲವೂ ಒಟ್ಟಿಗೆ ಕುರುಡಾಗುತ್ತವೆ.

ಎಗ್ಸಾಸ್ಟ್ 63 ಮಿ.ಮೀ. ಸಾಕು. ಕ್ಲಚ್‌ಗೆ 2+2 (ನಾಲ್ಕು ಸೀಟಿನ) ಮಾಡೆಲ್‌ನಲ್ಲಿ ಬಂದ 240 ಮಿ.ಮೀ.ನದು; ಪ್ರೆಷರ್ ಪ್ಲೇಟ್ ಯಾವುದೋ ರಿಲೀಸ್ ಬೇರಿಂಗ್‌ನ ಕಾಲರ್ ಕೂಡ ಅದರದ್ದೇ ಆಗಿರಬೇಕು. ಎತ್ತರ ಹೊಂದದಿದ್ದರೆ ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಹಿಂದಿನ ಆರ್200 ಡಿಫರೆನ್ಶಿಯಲ್‌ಗೆ 250 ಎಚ್‌ಪಿ ಲೆಕ್ಕಕ್ಕಿಲ್ಲ.

ಟ್ಯೂನಿಂಗ್

ಕ್ಯಾಲಿಫೋರ್ನಿಯಾದ ಬಂಕಿನಲ್ಲಿ 91 ಎಂದು ಬರೆದ ಪ್ರೀಮಿಯಂ ಪೆಟ್ರೋಲ್ ನಮ್ಮೂರಿನ 91 ಅಲ್ಲ. ನಾಕ್ ತಡೆಯುವ ಗುಣದ ಅಂಕಿಯಾದ ಆಕ್ಟೇನ್ ಅಲ್ಲಿ ಎರಡು ಅಳತೆಗಳ ಸರಾಸರಿ; ಭಾರತದಲ್ಲಿ ಹೇಳುವ ಆರ್‌ಒಎನ್ ಪ್ರಕಾರ 95-96 ಆಗುತ್ತದೆ. ಅಲ್ಲಿಯ ಪೆಟ್ರೋಲ್‌ನಲ್ಲಿ ಎಥೆನಾಲ್ ಬೇರೆ ಇರುವುದರಿಂದ ವೈಡ್‌ಬ್ಯಾಂಡ್ ಮೀಟರನ್ನು (ಹೊಗೆಯಿಂದ ಮಿಶ್ರಣ ಅಳೆಯುವುದು) ಲ್ಯಾಂಬ್ಡಾದಲ್ಲೇ (1 ಅಂದರೆ ಸರಿಸಮ ಮಿಶ್ರಣ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಹೆಚ್ಚು) ಓದುವುದು ವಾಸಿ. ಬೂಸ್ಟ್ ಇಲ್ಲದ ಪೂರ್ತಿ ಥ್ರಾಟಲ್‌ನಲ್ಲಿ 0.88, 150 ಕಿಲೊಪಾಸ್ಕಲ್‌ನಲ್ಲಿ 0.82, 180ರಲ್ಲಿ 0.78.

ಟೈಮಿಂಗ್‌ಗೆ ಹಳೆಯ ಗಾದೆಯಂಥ ಲೆಕ್ಕ: ಒಂದು ಪಿಎಸ್ಐ ಬೂಸ್ಟ್‌ಗೆ ಒಂದು ಡಿಗ್ರಿ ಹಿಂದಕ್ಕೆ. 0.8 ಬಾರ್ ಅಂದರೆ 11.6 ಪಿಎಸ್ಐ. 4000 ಆರ್‌ಪಿಎಂನಲ್ಲಿ 100 ಕಿಲೊಪಾಸ್ಕಲ್‌ಗೆ 30 ಡಿಗ್ರಿ, 150ಕ್ಕೆ 22, 180ಕ್ಕೆ 18 ಇಟ್ಟು ಶುರು ಮಾಡಿ. 3000ದ ಹತ್ತಿರ ಟಾರ್ಕ್ ತುಂಬಿ ಬರುವ ಜಾಗದಲ್ಲಿ ಇನ್ನೆರಡು ಡಿಗ್ರಿ ಕಡಿಮೆ. ಇನ್‌ಟೇಕ್ ಗಾಳಿ 50 ಡಿಗ್ರಿ ದಾಟಿದರೆ ಪ್ರತಿ 5-6 ಡಿಗ್ರಿಗೆ ಒಂದು ಡಿಗ್ರಿ ಕಡಿತ. ನಮ್ಮ 8.3 ಕಂಪ್ರೆಷನ್ ಇಟಿಯ 7.4ಕ್ಕಿಂತ ಮೇಲೆ ಇದೆ ಎಂಬುದು ನೆನಪಿರಲಿ. ಇದರಿಂದ ಬೂಸ್ಟ್ ಇಲ್ಲದಾಗ ಗಾಡಿ ಚುರುಕು, ಬೂಸ್ಟ್‌ನಲ್ಲಿ ತಪ್ಪಿಗೆ ಕ್ಷಮೆ ಕಡಿಮೆ. ಸಹಜವಾಗಿ ಪಿ90 ಹೆಡ್ ಸಿಕ್ಕರೆ ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ಹೆಡ್ ಗ್ಯಾಸ್ಕೆಟ್ ಹೇಗೂ ಹೋಗಿದ್ದರೆ ಹಾಕಿ. ಚೆನ್ನಾಗಿರುವ ಎನ್42 ಕಿತ್ತು ಹಾಕುವಷ್ಟು ಲಾಭ 250 ಎಚ್‌ಪಿಯಲ್ಲಿ ಇಲ್ಲ.

ಮೊದಲ ದಿನಗಳಲ್ಲಿ ವೇಸ್ಟ್‌ಗೇಟ್‌ನ (ಟರ್ಬೈನ್ ತಪ್ಪಿಸಿ ಹೊಗೆ ಬಿಟ್ಟು ಬೂಸ್ಟ್ ತಡೆಯುವ ಬಾಗಿಲು) ಸ್ಪ್ರಿಂಗ್ ಬೂಸ್ಟ್ ಮಾತ್ರ, 0.5 ಬಾರ್. ಇಸಿಯುನಲ್ಲಿ 165 ಕಿಲೊಪಾಸ್ಕಲ್‌ಗೆ ಸ್ಪಾರ್ಕ್ ಕಡಿತ. ಅಲ್ಲಿ ಎಲ್ಲ ಸರಿಯಿದ್ದರೆ ಬೂಸ್ಟ್ ಕಂಟ್ರೋಲರ್ ಹಾಕಿ 0.1 ಬಾರ್‌ನಂತೆ ಏರಿಸಿ, ಕಡಿತದ ಗೆರೆಯನ್ನೂ ಜೊತೆಗೆ ಸರಿಸಿ, 200ರಲ್ಲಿ ನಿಲ್ಲಿಸಿ.

ನಾಕ್ ಕೇಳುವುದು ಹೇಗೆ? 86 ಮಿ.ಮೀ. ಬೋರ್‌ನಲ್ಲಿ ನಾಕ್‌ನ ಸದ್ದು ಸುಮಾರು 6.7 ಕಿಲೊಹರ್ಟ್ಜ್. ನಾಕ್ ಸೆನ್ಸರ್ ಆ ಆವರ್ತಕ್ಕೆ ಹೊಂದಿಸಿ ಬ್ಲಾಕ್‌ಗೆ ನೇರ ಬೋಲ್ಟ್ ಮಾಡಿ. ಸೆನ್ಸರ್ ಇಲ್ಲದವರು ಬ್ಲಾಕ್‌ಗೆ ತಾಮ್ರದ ಕೊಳವೆಯ ಚಪ್ಪಟೆ ತುದಿ ಬಿಗಿದು, ಇನ್ನೊಂದು ತುದಿಗೆ ರಬ್ಬರ್ ಹೋಸ್ ಹಾಕಿ ಕಿವಿಗೆ ಹಿಡಿದು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ನಗು ಬಂದರೂ ಕೆಲಸ ಮಾಡುವ ಉಪಾಯ. ಟರ್ಬೊದ ಸೀಟಿ, ಎಗ್ಸಾಸ್ಟ್ ಸದ್ದಿನ ನಡುವೆ ಬರೀ ಕಿವಿಗೆ ನಾಕ್ ಕೇಳುವ ಹೊತ್ತಿಗೆ ತಡವಾಗಿರುತ್ತದೆ.

5ನೇ ಸಿಲಿಂಡರ್

ಎಲ್28ನಲ್ಲಿ ಹಿಂದಿನ ಸಿಲಿಂಡರ್‌ಗಳು, ಅದರಲ್ಲೂ 5ನೆಯದು, ಮುಂದಿನವಕ್ಕಿಂತ ಬಿಸಿ. ನೀರಿನ ಪಂಪ್ ಮುಂದಿದೆ, ಥರ್ಮೋಸ್ಟಾಟ್ ಮುಂದಿದೆ. ಹಿಂಭಾಗದ ಹೆಡ್‌ನಲ್ಲಿ ಹರಿವು ಸೋಮಾರಿ. ಹಾಗಾಗಿ ಈ ಎಂಜಿನ್‌ನಲ್ಲಿ ನಾಕ್ ಮೊದಲು ಕಚ್ಚುವುದು ಅಲ್ಲಿ. ಟ್ಯೂನ್ ಮಾಡುವಾಗ 1ನೇ ಪ್ಲಗ್ ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನೇ ನೋಡುವವರು ಏನೂ ನೋಡಿದಂತಲ್ಲ.

ಮೂರನೇ ಗೇರಿನಲ್ಲಿ 5500ರವರೆಗೆ ಒಂದು ಪೂರ್ತಿ ಎಳೆತ, ಕ್ಲಚ್ ಒತ್ತಿ ಎಂಜಿನ್ ಆಫ್, ಬದಿಗೆ ನಿಲ್ಲಿಸಿ 5ನೇ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕಿ ಇದ್ದರೆ ನಾಕ್ ಶುರುವಾಗಿದೆ: ಎರಡು ಡಿಗ್ರಿ ಹಿಂದಕ್ಕೆ. ಚುಕ್ಕಿಗಳ ನಡುವೆ ಬೆಳ್ಳಿಯ ಸಣ್ಣ ಗುಂಡುಗಳು ಮಿನುಗಿದರೆ ಅದು ಪಿಸ್ಟನ್‌ನ ಅಲ್ಯೂಮಿನಿಯಂ. ಆ ದಿನ ಟ್ಯೂನಿಂಗ್ ಸಾಕು, ಕಂಪ್ರೆಷನ್ ಅಳೆದು ಮುಂದಿನ ಮಾತು.

ಪಿಸ್ಟನ್ ಒಡೆಯುವ ಬಗೆ ಹೀಗೆ. ನಾಕ್‌ನ ಪೆಟ್ಟು ಪಿಸ್ಟನ್ ತಲೆಯ ಅಂಚಿಗೆ ಬೀಳುತ್ತದೆ. ಮೊದಲನೇ ರಿಂಗ್‌ಗೂ ಎರಡನೇ ರಿಂಗ್‌ಗೂ ನಡುವಿನ ತೆಳ್ಳಗಿನ ಪಟ್ಟಿ, ರಿಂಗ್ ಲ್ಯಾಂಡ್, ಎರಕದ ಅಲ್ಯೂಮಿನಿಯಂ ಆದ್ದರಿಂದ ಬಗ್ಗುವುದಿಲ್ಲ, ಸೀಳುತ್ತದೆ. ಒಮ್ಮೆಗೇ ದೊಡ್ಡ ಸದ್ದು ಬರುವುದಿಲ್ಲ. ಗಾಡಿ ಸ್ವಲ್ಪ ಮಂಕಾಗುತ್ತದೆ, ಕ್ರ್ಯಾಂಕ್‌ಕೇಸ್‌ಗೆ ಒತ್ತಡ ಸೋರುತ್ತದೆ, ಬೂಸ್ಟ್‌ನಲ್ಲಿ ಎಣ್ಣೆಯ ಅಳತೆ ಕೋಲು ಗೂಡಿನಿಂದ ಎದ್ದು ಬರುತ್ತದೆ, ಟರ್ಬೊ ಪಕ್ಕದಲ್ಲೆಲ್ಲ ಎಣ್ಣೆ ಸಿಡಿದಿರುತ್ತದೆ. ಸೀಲ್ ಹೋಗಿದೆ ಎಂದುಕೊಂಡು ಓಡಿಸುತ್ತಲೇ ಇದ್ದರೆ ಮುರಿದ ತುಂಡು ಬೋರ್‌ನ ಗೋಡೆ ಗೀರುತ್ತದೆ. ಕಂಪ್ರೆಷನ್ ಅಳೆದರೆ ಐದು ಸಿಲಿಂಡರ್ ಸರಿಯಾಗಿವೆ, 5ನೆಯದು ಮಾತ್ರ ಅರ್ಧ.

ಈ ಸಿಲಿಂಡರ್‌ಗೆ ಇಸಿಯುನಲ್ಲಿ ಪ್ರತ್ಯೇಕವಾಗಿ ಶೇ 3-4 ಹೆಚ್ಚು ಪೆಟ್ರೋಲ್ ಕೊಡಲು ಸಾಧ್ಯವಿದ್ದರೆ ಕೊಡಿ. ಇಂಜೆಕ್ಟರ್‌ಗಳನ್ನು ಹಾಕುವ ಮೊದಲೇ ಆರನ್ನೂ ಹರಿವು ಅಳೆಸಿ, ಅತಿ ಹೆಚ್ಚು ಹರಿಯುವುದನ್ನು 5ಕ್ಕೆ, ಎರಡನೆಯದನ್ನು 6ಕ್ಕೆ ಹಾಕಿದರೆ ಖರ್ಚಿಲ್ಲದ ವಿಮೆ. ರೇಡಿಯೇಟರ್ ಹೊಸ ಕೋರ್, 82 ಡಿಗ್ರಿಯ ಥರ್ಮೋಸ್ಟಾಟ್, ಫ್ಯಾನ್ ಕ್ಲಚ್ ಚೆನ್ನಾಗಿರಲಿ. ಥರ್ಮೋಸ್ಟಾಟ್ ತೆಗೆದು ಓಡಿಸುವವರಿದ್ದಾರೆ. ಹರಿವು ಮುಂದಿನಿಂದಲೇ ಸುತ್ತಿ ಹಿಂಭಾಗ ಇನ್ನಷ್ಟು ಬಿಸಿಯಾಗುತ್ತದೆ.

ಓಡಿಸಿದ ಮೇಲೆ ನೋಡಬೇಕಾದ್ದು

ಮೊದಲ 100 ಕಿ.ಮೀ. ನಂತರ ಎಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಬಿಸಿಗೆ ಗ್ಯಾಸ್ಕೆಟ್ ಕುಗ್ಗಿ ಅವು ಸಡಿಲಾಗಿರುತ್ತವೆ. ಇಂಟರ್‌ಕೂಲರ್ ಪೈಪ್ ತುದಿಗೆ ಉಬ್ಬು ಇರಲಿ, ಟಿ-ಬೋಲ್ಟ್ ಕ್ಲ್ಯಾಂಪ್ ಇರಲಿ. ನಯವಾದ ತುದಿಗೆ ಸಾದಾ ಕ್ಲ್ಯಾಂಪ್ ಹಾಕಿದರೆ 0.7 ಬಾರ್‌ಗೆ ಹೋಸ್ ಹಾರುತ್ತದೆ. 500 ಕಿ.ಮೀ.ಗೆ ಎಣ್ಣೆ ಬದಲಿಸಿ, ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ: ತಾಮ್ರದ ಬಣ್ಣದ ಪುಡಿ ಬೇರಿಂಗ್‌ನದು, ಬೆಳ್ಳಿಯ ಹೊಳಪಿನದು ಪಿಸ್ಟನ್‌ನದು. ಇಟಿಯ ಟರ್ಬೊ ಹಾಕಿದವರು ಜೋರು ಓಟದ ನಂತರ ತಕ್ಷಣ ಎಂಜಿನ್ ಆಫ್ ಮಾಡಬೇಡಿ. ಅದಕ್ಕೆ ನೀರಿನ ತಂಪು ಇಲ್ಲ, ನಿಂತ ಎಣ್ಣೆ ಬೇರಿಂಗ್ ಮೇಲೆ ಸುಟ್ಟು ಕರಿಯಾಗುತ್ತದೆ. ಕೊನೆಯ ಎರಡು ಕಿಲೋಮೀಟರ್ ನಿಧಾನವಾಗಿ ಬಂದರೆ ಸಾಕು.

ಆಮೇಲೆ ಪ್ರತಿ ಎಣ್ಣೆ ಬದಲಾವಣೆಗೆ 5ನೇ ಪ್ಲಗ್ ಒಮ್ಮೆ ಬಿಚ್ಚಿ ನೋಡಿ. ಬೇಸಿಗೆ ಶುರುವಾದಾಗ ಇನ್ನೊಮ್ಮೆ.